ಗಾತ್ರ ಹೆಚ್ಚಿದರೆ ಸಾಮರ್ಥ್ಯ ಕುಗ್ಗುತ್ತದೆಯೇ? ಗ್ಲಾಸ್ ಫೈಬರ್ ಕಾಂಪೋಸಿಟ್ ತುಂಡುಗಳಲ್ಲಿ ಅಳೆದು ನೋಡುವ ಸಮಗ್ರ ಕ್ರಮ

ಸಣ್ಣ ತುಂಡು 800 ಮೆಗಾಪಾಸ್ಕಲ್‌ಗೆ ಮುರಿಯಿತು, ದೊಡ್ಡದು 700ಕ್ಕೇ ಹೋಯಿತು, ಆದ್ದರಿಂದ ಗಾತ್ರ ಹೆಚ್ಚಿದಂತೆ ಸಾಮರ್ಥ್ಯ ಕುಗ್ಗುತ್ತದೆ: ಇಷ್ಟು ಬರೆದು ಮುಗಿಸಿದ ಪ್ರಾಜೆಕ್ಟ್ ವರದಿಗಳು ಬೇಕಾದಷ್ಟಿವೆ. ತೀರ್ಮಾನ ಸರಿಯೇ ಇರಬಹುದು, ಅದಕ್ಕೆ ಕೊಟ್ಟ ಸಾಕ್ಷಿ ಮಾತ್ರ ನಿಲ್ಲುವುದಿಲ್ಲ. ದಪ್ಪ ಪ್ಲೇಟಿನಲ್ಲಿ ರೆಸಿನ್ (ನಾರುಗಳನ್ನು ಹಿಡಿದಿಡುವ ಅಂಟು) ಹೆಚ್ಚು ಉಳಿದರೂ, ತುಂಡು ಗ್ರಿಪ್ಪಿನ ಬಾಯಲ್ಲೇ ಸೀಳಿದರೂ, ಬಾಗಿಸುವ ಪರೀಕ್ಷೆಯಲ್ಲಿ ಸ್ಪ್ಯಾನ್ (ಎರಡು ಆಧಾರಗಳ ನಡುವಿನ ಅಂತರ) ಬದಲಿಸದೆ ಬಿಟ್ಟರೂ ಇಷ್ಟೇ ಇಳಿಕೆ ಕಾಣುತ್ತದೆ. ಈ ಸುಳ್ಳು ಇಳಿಕೆಗಳನ್ನು ಮೊದಲು ಕಳೆಯಬೇಕು. ಉಳಿದದ್ದನ್ನು ಮಾತ್ರ ಗಾತ್ರದ ಲೆಕ್ಕಕ್ಕೆ ಬರೆಯಬೇಕು.

ನಮ್ಮ ಕಾಲೇಜು ಲ್ಯಾಬ್‌ಗಳಲ್ಲಿ ಸುಲಭವಾಗಿ ಸಿಗುವ ಸಾಮಗ್ರಿಯನ್ನೇ ಇಲ್ಲಿ ಹಿಡಿದಿದ್ದೇವೆ: ಚದರ ಮೀಟರಿಗೆ 300 ಗ್ರಾಂ ತೂಗುವ ಒಂದೇ ದಿಕ್ಕಿನ ಇ-ಗ್ಲಾಸ್ ಬಟ್ಟೆ, ಎಲ್‌ವೈ 556 ಎಪಾಕ್ಸಿ, ಎಚ್‌ವೈ 951 ಹಾರ್ಡ್ನರ್. ಬೇರೆ ನಾರು, ಬೇರೆ ರೆಸಿನ್ ಆದರೆ ಅಂಕಿಗಳು ಬದಲಾಗುತ್ತವೆ, ಕ್ರಮ ಬದಲಾಗುವುದಿಲ್ಲ.

## ಮೊದಲು ಕೈಯಲ್ಲಿರಬೇಕಾದದ್ದು

100 ಕಿಲೋನ್ಯೂಟನ್ ಯುಟಿಎಂ (ತುಂಡನ್ನು ಎಳೆದು ಮುರಿಯುವ ಯಂತ್ರ), ವೆಡ್ಜ್ ಗ್ರಿಪ್, ಹಿಗ್ಗುವಿಕೆ ಅಳೆಯುವ ಸ್ಟ್ರೇನ್ ಗೇಜ್ ಅಥವಾ ಎಕ್ಸ್‌ಟೆನ್ಸೋಮೀಟರ್, ವ್ಯಾಕ್ಯೂಮ್ ಪಂಪು ಮತ್ತು ಬ್ಯಾಗು, ರೆಸಿನ್ ತೂಗಲು 0.1 ಗ್ರಾಂ, ಸುಡುವ ಚೌಕಗಳನ್ನು ತೂಗಲು ಮಿಲಿಗ್ರಾಂ ತೋರಿಸುವ ತಕ್ಕಡಿ, ನೀರು ಹರಿಯುವ ಡೈಮಂಡ್ ಕಟರ್, ದುಂಡು ತುದಿಯ ಮೈಕ್ರೋಮೀಟರ್, 600 ಡಿಗ್ರಿ ದಾಟುವ ಮಫಲ್ ಫರ್ನೇಸ್. ಫರ್ನೇಸ್ ಇಲ್ಲದಿದ್ದರೂ ಕೆಲಸ ಸಾಗುತ್ತದೆ, ಅದನ್ನು ಮುಂದೆ ಹೇಳಿದ್ದೇವೆ. ಡೈಮಂಡ್ ಕಟರ್ ಇಲ್ಲದೆ ಮಾತ್ರ ಶುರು ಮಾಡಬೇಡಿ.

ಇನ್ನೊಂದು ಮಾತು. ಕಾಂಪೋಸಿಟ್ ಎಳೆಯಲು ಎಎಸ್‌ಟಿಎಂ ಡಿ638ರ ಡಮರು ಆಕಾರದ ತುಂಡನ್ನು ಕತ್ತರಿಸಬೇಡಿ. ಅದು ಆ ಪರೀಕ್ಷಾ ಮಾನದಂಡ ಸಂಸ್ಥೆ ಪ್ಲಾಸ್ಟಿಕ್ಕಿಗೆ ಬರೆದ ವಿಧಾನ. ಸೊಂಟದ ವಕ್ರದಲ್ಲಿ ಉದ್ದ ನಾರುಗಳೆಲ್ಲ ತುಂಡಾಗುತ್ತವೆ, ಎಳೆದಾಗ ಅಲ್ಲಿಂದಲೇ ಉದ್ದಕ್ಕೆ ಸೀಳು ಏಳುತ್ತದೆ. ಉದ್ದ ನಾರಿಗೆ ಬೇಕಾದದ್ದು ಡಿ3039ರ ನೇರ ಪಟ್ಟಿ.

## ಹಂತ 1: ಎಷ್ಟು ಇಳಿಕೆ ನಿರೀಕ್ಷಿಸಬೇಕು ಎಂದು ಮೊದಲೇ ಲೆಕ್ಕ ಹಾಕಿ

ಸರಪಳಿ ಉದ್ದವಾದಷ್ಟೂ ಅದರಲ್ಲಿ ಒಂದು ದುರ್ಬಲ ಕೊಂಡಿ ಇರುವ ಸಂಭವ ಹೆಚ್ಚು. 1939ರಲ್ಲಿ ಸ್ವೀಡನ್ನಿನ ಎಂಜಿನಿಯರ್ ವೇಬುಲ್ ಇದನ್ನು ಸೂತ್ರಕ್ಕೆ ತಂದರು: ತುಂಡಿನ ಘನಗಾತ್ರ ಎಷ್ಟು ಪಟ್ಟು ಹೆಚ್ಚಿತೋ ಆ ಸಂಖ್ಯೆಯ ‘ಎಂ’ನೇ ಮೂಲದಿಂದ ಸಾಮರ್ಥ್ಯವನ್ನು ಭಾಗಿಸಿ. ಎಂ ಎಂದರೆ ವೇಬುಲ್ ಮಾಡ್ಯುಲಸ್. ಫಲಿತಾಂಶಗಳ ಚದುರುವಿಕೆ ಹೆಚ್ಚಿದ್ದರೆ ಎಂ ಚಿಕ್ಕದು, ಕಡಿಮೆಯಿದ್ದರೆ ದೊಡ್ಡದು. 1.2ನ್ನು ಎಂ‌ನಿಂದ ಭಾಗಿಸಿದರೆ ಚದುರುವಿಕೆಯ ಅಂದಾಜು ಸಿಗುತ್ತದೆ. ಎಂ 20 ಇದ್ದರೆ ಸುಮಾರು 6 ಶೇಕಡಾ.

ಉದ್ದ, ಅಗಲ, ದಪ್ಪ ಮೂರನ್ನೂ ಎರಡೂವರೆ ಪಟ್ಟು ಮಾಡಿದರೆ ಘನಗಾತ್ರ 15.6 ಪಟ್ಟಾಗುತ್ತದೆ. ಎಂ 20 ಆದರೆ ಇಳಿಕೆ 13 ಶೇಕಡಾ, 30 ಆದರೆ 9 ಶೇಕಡಾ. ನೀವು ಹುಡುಕುತ್ತಿರುವ ವಸ್ತು ಇಷ್ಟು ಸಣ್ಣದು ಎನ್ನುವುದು ತಲೆಯಲ್ಲಿರಲಿ. ಪರೀಕ್ಷೆಯಲ್ಲಿ 30 ಶೇಕಡಾ ಇಳಿಕೆ ಬಂದರೆ ಹಿಗ್ಗಬೇಡಿ, ಎಲ್ಲೋ ಕೆಟ್ಟಿದೆ.

ಬಿಡಿ ನಾರಿನ ಎಂ ಅನ್ನು ಇಲ್ಲಿ ಹಾಕುವುದು ಬಹಳ ಜನ ಮಾಡುವ ತಪ್ಪು. ಒಂಟಿ ನಾರಿನ ಎಂ 5ರ ಆಸುಪಾಸು ಇರಬಹುದು. ಆದರೆ ರೆಸಿನ್ನಿನೊಳಗೆ ಒಂದು ನಾರು ಕಡಿದರೆ ಅದರ ಲೋಡನ್ನು ಪಕ್ಕದ ನಾರುಗಳು ಹಂಚಿಕೊಳ್ಳುತ್ತವೆ, ತುಂಡು ಅಲ್ಲಿಗೇ ಮುರಿಯುವುದಿಲ್ಲ. ಹಾಗಾಗಿ ಕಾಂಪೋಸಿಟ್ಟಿನ ಎಂ ನಾರಿನದಕ್ಕಿಂತ ಬಹಳ ದೊಡ್ಡದು.

ಎಷ್ಟು ತುಂಡು ಬೇಕು? ಚದುರುವಿಕೆ 6 ಶೇಕಡಾ ಇದ್ದು ಪ್ರತಿ ಗಾತ್ರಕ್ಕೆ ಐದೇ ತುಂಡು ಎಳೆದರೆ, ಎರಡು ಸರಾಸರಿಗಳ ವ್ಯತ್ಯಾಸದಲ್ಲೇ 4 ಶೇಕಡಾದಷ್ಟು ದೋಷ ಕೂತಿರುತ್ತದೆ. 9 ಶೇಕಡಾ ಇಳಿಕೆಯನ್ನು ಅದರ ಮೇಲೆ ಸಾಧಿಸಲು ಹೋಗಬಾರದು. ಪ್ರತಿ ಗಾತ್ರಕ್ಕೆ ಸರಿಯಾಗಿ ಮುರಿದ ಹತ್ತು ತುಂಡು ಸಿಗಬೇಕು, ಹದಿಮೂರು ಕತ್ತರಿಸಿಡಿ.

## ಹಂತ 2: ಗಾತ್ರಗಳನ್ನು ಆರಿಸುವಾಗ ಯಂತ್ರವನ್ನು ಮರೆಯಬೇಡಿ

ಪದರದ ದಪ್ಪವನ್ನು ಮೊದಲು ತಿಳಿಯಿರಿ. 300 ಗ್ರಾಂ ಬಟ್ಟೆ, ಗಾಜಿನ ಸಾಂದ್ರತೆ ಘನ ಸೆಂಟಿಮೀಟರಿಗೆ 2.56 ಗ್ರಾಂ: ಅಂದರೆ ಒಂದು ಪದರದಲ್ಲಿ ಶುದ್ಧ ಗಾಜಿನ ದಪ್ಪ 0.117 ಮಿ.ಮೀ. ನಾರಿನ ಪಾಲು ಘನಗಾತ್ರದಲ್ಲಿ ಅರ್ಧ ಇದ್ದರೆ ಪದರ 0.234 ಮಿ.ಮೀ. ಆಗುತ್ತದೆ. ಇದರ ಮೇಲೆ ನಾಲ್ಕು ಗಾತ್ರಗಳು (ಟ್ಯಾಬ್ ಎಂದರೆ ಗ್ರಿಪ್ ಹಿಡಿಯಲು ತುಂಡಿನ ತುದಿಗೆ ಅಂಟಿಸುವ ಹಲಗೆ):

- ಅಳತೆ 1: 4 ಪದರ, ದಪ್ಪ 0.94, ಅಗಲ 15, ಟ್ಯಾಬ್‌ಗಳ ನಡುವಿನ ಉದ್ದ 140 ಮಿ.ಮೀ.
- ಅಳತೆ 1.5: 6 ಪದರ, ದಪ್ಪ 1.40, ಅಗಲ 22.5, ಉದ್ದ 210
- ಅಳತೆ 2: 8 ಪದರ, ದಪ್ಪ 1.87, ಅಗಲ 30, ಉದ್ದ 280
- ಅಳತೆ 2.5: 10 ಪದರ, ದಪ್ಪ 2.34, ಅಗಲ 37.5, ಉದ್ದ 350

800 ಮೆಗಾಪಾಸ್ಕಲ್ ಎಂದು ಹಿಡಿದರೆ ಚಿಕ್ಕದಕ್ಕೆ ಬೇಕಾದ ಲೋಡ್ 11 ಕಿಲೋನ್ಯೂಟನ್, ದೊಡ್ಡದಕ್ಕೆ 70. ಅಳತೆ 3ಕ್ಕೆ ಹೋದರೆ 101 ಆಗಿ ಯಂತ್ರದ ಮಿತಿ ದಾಟುತ್ತದೆ. ಪ್ಲೇಟು ಎರೆದ ಮೇಲೆ ಇದು ಗೊತ್ತಾಗಿ ಅಗಲ ಮಾತ್ರ ಕಡಿಮೆ ಮಾಡುವವರಿದ್ದಾರೆ. ಹಾಗೆ ಮಾಡಿದರೆ ನಾಲ್ಕೂ ಗಾತ್ರ ಒಂದೇ ಆಕಾರದ್ದಾಗಿ ಉಳಿಯುವುದಿಲ್ಲ, ಹೋಲಿಕೆ ಕೆಡುತ್ತದೆ.

ಉದ್ದವನ್ನಷ್ಟೇ ಹೆಚ್ಚಿಸಿದರೆ ಸಾಲದೇ ಎಂದು ಕೇಳುತ್ತಾರೆ. ಸಾಲದು. ನಾರು ಒಂದು ಡಿಗ್ರಿ ವಾಲಿದ್ದರೆ 350 ಮಿ.ಮೀ. ಉದ್ದಕ್ಕೆ 6 ಮಿ.ಮೀ. ಪಕ್ಕಕ್ಕೆ ಸರಿಯುತ್ತದೆ. ಅಗಲ 15 ಇದ್ದಲ್ಲಿ, ಅಗಲದ 40 ಶೇಕಡಾ ಭಾಗದ ನಾರುಗಳು ಒಂದು ಗ್ರಿಪ್ಪಿನಿಂದ ಇನ್ನೊಂದಕ್ಕೆ ಮುಟ್ಟುವುದೇ ಇಲ್ಲ. 140 ಮಿ.ಮೀ. ತುಂಡಿನಲ್ಲಿ ಅದೇ ವಾಲಿಕೆ 16 ಶೇಕಡಾ ಮಾತ್ರ ಹಾಳು ಮಾಡುತ್ತದೆ. ಅಗಲವನ್ನೂ ಅದೇ ಪ್ರಮಾಣದಲ್ಲಿ ಬೆಳೆಸಿದರೆ ಎಲ್ಲ ಗಾತ್ರಕ್ಕೂ ಆ 16 ಶೇಕಡಾ ಒಂದೇ ಆಗಿರುತ್ತದೆ.

ನಾರಿನ ದಿಕ್ಕು 0, 90, 45 ಡಿಗ್ರಿ ಬೆರೆತ ಲ್ಯಾಮಿನೇಟ್ (ಪದರ ಪೇರಿಸಿದ ಪ್ಲೇಟು) ಆದರೆ ಇನ್ನೊಂದು ನಿರ್ಧಾರ ಬಾಕಿ ಇದೆ. ದಪ್ಪವನ್ನು ಎರಡು ರೀತಿಯಲ್ಲಿ ಬೆಳೆಸಬಹುದು. ಒಂದೇ ಕೋನದ ಪದರಗಳನ್ನು ಒತ್ತೊತ್ತಾಗಿ ಪೇರಿಸುವುದು ಒಂದು, ಇಡೀ ಜೋಡಣೆಯನ್ನೇ ಮತ್ತೆ ಮತ್ತೆ ಪುನರಾವರ್ತಿಸುವುದು ಇನ್ನೊಂದು. ಎರಡಕ್ಕೂ ಒಂದೇ ಉತ್ತರ ಬರುವುದಿಲ್ಲ. ಒತ್ತಾಗಿ ಪೇರಿಸಿದ 90 ಡಿಗ್ರಿ ಪದರಗಳು ದಪ್ಪವಾದಷ್ಟೂ ಬೇಗ ಬಿರುಕು ಬಿಡುತ್ತವೆ, ಅಂಚಿನಿಂದ ಪದರ ಕಳಚುವುದೂ ಬೇಗ ಶುರುವಾಗುತ್ತದೆ. ಕಾರಣ, ಬಿರುಕು ಹರಡಲು ಸಿಗುವ ಶಕ್ತಿ ಆ ಗುಂಪಿನ ದಪ್ಪಕ್ಕೆ ಅನುಗುಣವಾಗಿ ಏರುತ್ತದೆ. ಇದಕ್ಕೂ ವೇಬುಲ್ ಸೂತ್ರಕ್ಕೂ ಸಂಬಂಧವಿಲ್ಲ. ಯಾವ ರೀತಿ ಪೇರಿಸಿದಿರಿ ಎಂದು ಹೇಳದ ವರದಿಯಿಂದ ಓದುವವರಿಗೆ ಏನೂ ಸಿಗುವುದಿಲ್ಲ.

## ಹಂತ 3: ಪ್ಲೇಟು ಎರೆಯುವುದು

ನಾಲ್ಕೂ ಪ್ಲೇಟಿಗೆ ಒಂದೇ ರೋಲಿನ ಬಟ್ಟೆ, ಒಂದೇ ಡಬ್ಬದ ರೆಸಿನ್. ಸಾಧ್ಯವಾದರೆ ಒಂದೇ ದಿನ.

ದೊಡ್ಡ ಪ್ಲೇಟಿಗೆ ಬೇಕಾದ ಲೆಕ್ಕ ನೋಡೋಣ. ಸುತ್ತಲೂ 25 ಮಿ.ಮೀ. ಅಂಚು ಬಿಟ್ಟು ಹದಿಮೂರು ತುಂಡು ಹಿಡಿಸಲು 580 × 550 ಮಿ.ಮೀ. ಬೇಕು. ಹತ್ತು ಪದರಕ್ಕೆ ಬಟ್ಟೆ ಸುಮಾರು 960 ಗ್ರಾಂ. ಅಷ್ಟೇ ಘನಗಾತ್ರದ ರೆಸಿನ್ 430 ಗ್ರಾಂ. ಹೀರಿ ಹೋಗುವುದಕ್ಕೆ 30 ಶೇಕಡಾ ಸೇರಿಸಿ 560. ತೂಕದಲ್ಲಿ ಹತ್ತಕ್ಕೆ ಒಂದರಂತೆ ರೆಸಿನ್ 510, ಹಾರ್ಡ್ನರ್ 51 ಗ್ರಾಂ. ಕಣ್ಣಂದಾಜು, ಸಿರಿಂಜಿನ ಅಳತೆ ಬೇಡ, ತಕ್ಕಡಿಯೇ ಆಗಬೇಕು.

ಇಷ್ಟನ್ನೂ ಒಂದೇ ಮಗ್ಗಿನಲ್ಲಿ ಕಲಸಿದರೆ ಅಪಾಯ. ರಾಶಿ ದೊಡ್ಡದಾದಷ್ಟೂ ಬಿಸಿ ಹೊರಗೆ ಹೋಗದೆ ಒಳಗೇ ಏರುತ್ತದೆ, ಮಗ್ಗು ಕರಗಿ ಹೊಗೆ ಬರುವ ತನಕ ಹೋಗಬಹುದು. ಅಗಲವಾದ ತಟ್ಟೆಯಲ್ಲಿ 100–120 ಗ್ರಾಂ ಮಾತ್ರ ಕಲಸಿ, ಬಳಸಿ, ಮುಂದಿನದನ್ನು ಕಲಸಿ. ತಟ್ಟೆ ಕೈಗೆ ಬೆಚ್ಚಗೆ ತಾಗಿದ ಕೂಡಲೇ ಆ ಕಂತನ್ನು ಪಕ್ಕಕ್ಕಿಡಿ. ತೆಳ್ಳಗಾದಂತೆ ಕಂಡರೂ ಅದು ಗಟ್ಟಿಯಾಗುವ ದಾರಿಯಲ್ಲಿದೆ. ಹಾರ್ಡ್ನರ್ ಚರ್ಮ ಸುಡುತ್ತದೆ. ನೈಟ್ರೈಲ್ ಕೈಗವಸು, ಕನ್ನಡಕ, ತೆರೆದ ಕಿಟಕಿ ಮೂರೂ ಇರಲಿ.

ಸುಳ್ಳು ಇಳಿಕೆಯ ಬೇರು ಮುಂದಿನ ಕೆಲಸದಲ್ಲಿದೆ. ಬ್ಯಾಗಿನೊಳಗೆ ಹೆಚ್ಚುವರಿ ರೆಸಿನ್ ಹೀರಲು ಬ್ಲೀಡರ್ ಬಟ್ಟೆ ಹಾಕುತ್ತೇವೆ. ನಾಲ್ಕು ಪದರಕ್ಕೂ ಹತ್ತು ಪದರಕ್ಕೂ ಒಂದೊಂದೇ ಬ್ಲೀಡರ್ ಹಾಕಿದರೆ ತೆಳು ಪ್ಲೇಟು ತನ್ನ ಪಾಲಿಗೆ ಹೆಚ್ಚು ರೆಸಿನ್ ಕಳೆದುಕೊಳ್ಳುತ್ತದೆ, ದಪ್ಪದ್ದು ಕಡಿಮೆ. ಬ್ಲೀಡರ್ ಪದರಗಳ ಸಂಖ್ಯೆಯೂ ಬಟ್ಟೆಯ ಪದರಗಳ ಅನುಪಾತದಲ್ಲೇ ಇರಲಿ: ಎರಡು, ಮೂರು, ನಾಲ್ಕು, ಐದು. ಮೂರು ಪದರಕ್ಕೊಮ್ಮೆ ರೋಲರ್ ಎಳೆದು ಗಾಳಿ ಹೊರಹಾಕಿ. ಬಟ್ಟೆಯ ಅಂಚಿನ ನೂಲೊಂದನ್ನು ಆಧಾರವಾಗಿಟ್ಟುಕೊಂಡು ಪ್ರತಿ ಪದರವನ್ನೂ ಅದೇ ಗೆರೆಗೆ ಕೂರಿಸಿ.

ವ್ಯಾಕ್ಯೂಮ್‌ನಲ್ಲೇ 24 ಗಂಟೆ ಬಿಟ್ಟು, ನಂತರ ನಾಲ್ಕೂ ಪ್ಲೇಟನ್ನು ಒಂದೇ ಸಲ ಓವನ್ನಿನಲ್ಲಿಟ್ಟು 80 ಡಿಗ್ರಿಯಲ್ಲಿ 2 ಗಂಟೆ. ಒಂದನ್ನು ಇವತ್ತು, ಇನ್ನೊಂದನ್ನು ಮುಂದಿನ ವಾರ ಬೇಯಿಸಿದರೆ ಕ್ಯೂರಿನ (ರೆಸಿನ್ ಗಟ್ಟಿಯಾಗುವುದರ) ವ್ಯತ್ಯಾಸವೂ ಗಾತ್ರದ ಹೆಸರಲ್ಲಿ ನುಸುಳುತ್ತದೆ.

## ಹಂತ 4: ನಾರಿನ ಪಾಲು ಅಳೆಯದೆ ಮುಂದೆ ಹೋಗಬೇಡಿ

ಪ್ರತಿ ಪ್ಲೇಟಿನ ಮೂರು ಕಡೆಯಿಂದ 25 ಮಿ.ಮೀ. ಚೌಕ ಕತ್ತರಿಸಿ, ನೀರಿನಲ್ಲಿ ತೂಗಿ ಸಾಂದ್ರತೆ ತಿಳಿದು, ತೂಗಿದ ಕ್ರೂಸಿಬಲ್‌ನಲ್ಲಿಟ್ಟು 565 ಡಿಗ್ರಿಯಲ್ಲಿ ತೂಕ ಬದಲಾಗದ ತನಕ ಸುಡಿ. ಉಳಿಯುವುದು ಗಾಜು. ಗುಳ್ಳೆಗಳ ಪ್ರಮಾಣವೂ ಇದರಿಂದಲೇ ಸಿಗುತ್ತದೆ. ಕಾರ್ಬನ್ ನಾರಿಗೆ ಈ ದಾರಿ ಬೇಡ, ಆ ಬಿಸಿಗೆ ನಾರೂ ಉರಿದು ಹೋಗುತ್ತದೆ. ಅದಕ್ಕೆ ಆಸಿಡ್‌ನಲ್ಲಿ ರೆಸಿನ್ ಕರಗಿಸುವ ವಿಧಾನವಿದೆ.

ಫರ್ನೇಸ್ ಇಲ್ಲದವರು ಪದರಗಳ ಸಂಖ್ಯೆಯನ್ನು 0.117ರಿಂದ ಗುಣಿಸಿ ಅಳೆದ ದಪ್ಪದಿಂದ ಭಾಗಿಸಿ. ಹತ್ತು ಪದರದ ಪ್ಲೇಟು 2.34 ಬದಲು 2.60 ಮಿ.ಮೀ. ಬಂದಿದ್ದರೆ ನಾರಿನ ಪಾಲು 0.50 ಅಲ್ಲ, 0.45.

ಆ 0.26 ಮಿ.ಮೀ. ಏನು ಮಾಡುತ್ತದೆ ನೋಡಿ. ನಾರುಗಳ ಸಾಮರ್ಥ್ಯ ಒಂದಿಷ್ಟೂ ಕುಗ್ಗಿಲ್ಲ ಎಂದುಕೊಳ್ಳಿ. ಅಗಲದ ಪ್ರತಿ ಮಿಲಿಮೀಟರಿಗೆ ಒಂದು ಪದರ 187 ನ್ಯೂಟನ್ ಹೊರುತ್ತದೆ. 0.234 ದಪ್ಪದಿಂದ ಭಾಗಿಸಿದರೆ 800 ಮೆಗಾಪಾಸ್ಕಲ್. 0.260ರಿಂದ ಭಾಗಿಸಿದರೆ 720. ಹತ್ತು ಶೇಕಡಾ ಇಳಿಕೆ ಕಾಗದದ ಮೇಲೆ ಹುಟ್ಟಿಬಿಟ್ಟಿತು, ಅದೂ ವೇಬುಲ್ ಲೆಕ್ಕದ 9–13ರ ನಡುವೆ ಸರಿಯಾಗಿ ಕೂರುವಂತೆ! ಆರಂಭದಲ್ಲಿ ಹೇಳಿದ ವರದಿಗಳಲ್ಲಿ ಬಹುಪಾಲು ಇಲ್ಲೇ ಎಡವುವುದು.

ಹಾಗಾಗಿ ಪ್ರತಿ ತುಂಡಿಗೂ ಎರಡು ಅಂಕಿ ಬರೆದಿಡಿ. ಒಂದು ಮಾಮೂಲಿ ಮೆಗಾಪಾಸ್ಕಲ್. ಇನ್ನೊಂದು, ಮುರಿದ ಲೋಡನ್ನು ಅಗಲ ಮತ್ತು ಪದರಗಳ ಸಂಖ್ಯೆಯಿಂದ ಭಾಗಿಸಿದ್ದು. ಎರಡನೆಯದಕ್ಕೆ ದಪ್ಪ ಬೇಕಿಲ್ಲ, ರೆಸಿನ್ ಹೆಚ್ಚು ಕಡಿಮೆಯಾದದ್ದು ಅದನ್ನು ಮುಟ್ಟುವುದಿಲ್ಲ. ಗಾತ್ರದ ಪರಿಣಾಮ ನಿಜವಾಗಿದ್ದರೆ ಎರಡರಲ್ಲೂ ಕಾಣಬೇಕು.

ಪ್ಲೇಟುಗಳ ನಡುವೆ ನಾರಿನ ಪಾಲು 0.02ಕ್ಕಿಂತ ಹೆಚ್ಚು ಬೇರೆಯಾಗಿದ್ದರೆ ಅಥವಾ ದಪ್ಪ ಪ್ಲೇಟಿನಲ್ಲಿ ಮಾತ್ರ ಗುಳ್ಳೆ ತುಂಬಿದ್ದರೆ ಹೊಸದಾಗಿ ಎರೆಯುವುದೇ ಒಳ್ಳೆಯದು.

## ಹಂತ 5: ಕತ್ತರಿಸುವುದು, ಟ್ಯಾಬ್ ಅಂಟಿಸುವುದು

ಶೀಟ್ ಕತ್ತರಿಸುವ ಶಿಯರ್ ಯಂತ್ರ, ಹ್ಯಾಕ್ಸಾ ಎರಡೂ ಅಂಚನ್ನು ಕೀಳುತ್ತವೆ. ಡೈಮಂಡ್ ಬ್ಲೇಡು, ನೀರು, ನಿಧಾನ. ಆಮೇಲೆ 400, 600 ನಂಬರಿನ ಕಾಗದದಿಂದ ಅಂಚನ್ನು ನಾರಿನ ಉದ್ದಕ್ಕೇ ಉಜ್ಜಿ, 50 ಡಿಗ್ರಿಯಲ್ಲಿ ಒಣಗಿಸಿ. ಅಗಲ, ದಪ್ಪ ಮೂರು ಕಡೆ ಅಳೆದು ಸರಾಸರಿ ತೆಗೆಯಿರಿ.

ಟ್ಯಾಬ್ 1.5 ಮಿ.ಮೀ. ದಪ್ಪದ, ನಾರುಗಳು 45 ಡಿಗ್ರಿಗೆ ಬರುವಂತೆ ಕತ್ತರಿಸಿದ ಗ್ಲಾಸ್ ಎಪಾಕ್ಸಿ ಹಲಗೆ. ಉದ್ದ ಎಷ್ಟು ಎನ್ನುವುದನ್ನು ಅಂಟು ಹೇಳುತ್ತದೆ: ಸಾಮರ್ಥ್ಯವನ್ನು ದಪ್ಪದಿಂದ ಗುಣಿಸಿ, ಅಂಟಿನ ಶಿಯರ್ (ಜಾರಿಸುವ ಬಲ ತಾಳುವ) ಸಾಮರ್ಥ್ಯದ ಎರಡರಷ್ಟರಿಂದ ಭಾಗಿಸಿ. ಅಂಟಿಗೆ 15 ಮೆಗಾಪಾಸ್ಕಲ್ ಮಾತ್ರ ಎಂದು ಜಾಗ್ರತೆಯಿಂದ ಹಿಡಿದರೆ ಚಿಕ್ಕ ತುಂಡಿಗೆ 25 ಮಿ.ಮೀ., ದೊಡ್ಡದಕ್ಕೆ 62. ಅಗಲ ಈ ಲೆಕ್ಕದಲ್ಲಿ ಬರುವುದೇ ಇಲ್ಲ ಗಮನಿಸಿ, ದಪ್ಪ ಮಾತ್ರ. ಮೊದಲ ಎರಡು ಗಾತ್ರಕ್ಕೆ 50, ಕೊನೆಯ ಎರಡಕ್ಕೆ 75 ಮಿ.ಮೀ. ಇಟ್ಟರೆ ನೆಮ್ಮದಿ. ಗ್ರಿಪ್ಪಿನ ಹಲ್ಲು ಎಷ್ಟು ಉದ್ದ ಹಿಡಿಯುತ್ತದೆ ಎಂದೂ ಅಳೆದುಕೊಳ್ಳಿ. ಹಿಡಿತಕ್ಕೆ ಸಿಗದ ಟ್ಯಾಬ್ ಸಿಪ್ಪೆಯಂತೆ ಏಳುತ್ತದೆ.

## ಹಂತ 6: ಎಳೆಯುವುದು

ವೇಗವೂ ಗಾತ್ರಕ್ಕೆ ತಕ್ಕಂತೆ ಬದಲಾಗಬೇಕು: ನಿಮಿಷಕ್ಕೆ 2, 3, 4, 5 ಮಿ.ಮೀ. ಎಲ್ಲಕ್ಕೂ 2 ಇಟ್ಟರೆ ದೊಡ್ಡ ತುಂಡು ನಿಧಾನವಾಗಿ ಹಿಗ್ಗುತ್ತದೆ. ಗಾಜು ನಿಧಾನದ ಲೋಡಿಗೆ ಕಡಿಮೆ ತಾಳುವ ಸ್ವಭಾವದ್ದು, ಇಳಿಕೆಗೆ ಅದೂ ಒಂದಿಷ್ಟು ಸೇರುತ್ತದೆ. ಯಾವ ಗಾತ್ರವಾದರೂ ಒಂದರಿಂದ ಹತ್ತು ನಿಮಿಷದೊಳಗೆ ಮುರಿಯಬೇಕು.

ಪ್ರತಿ ಗಾತ್ರದ ಮೊದಲ ತುಂಡಿನ ಎರಡೂ ಮುಖಕ್ಕೆ ಸ್ಟ್ರೇನ್ ಗೇಜ್ ಅಂಟಿಸಿ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದ್ದು 5 ಶೇಕಡಾ ಒಳಗಿದ್ದರೆ ಗ್ರಿಪ್ ನೇರವಾಗಿದೆ. ಹೆಚ್ಚಿದ್ದರೆ ಎಳೆಯುತ್ತಾ ಬಾಗಿಸುತ್ತಲೂ ಇದ್ದೀರಿ.

ನಾಲ್ಕು ಗಾತ್ರವನ್ನೂ ಬೆರೆಸಿ ಎಳೆಯಿರಿ. ಬೆಳಿಗ್ಗೆ ಚಿಕ್ಕವು, ಮಧ್ಯಾಹ್ನ ದೊಡ್ಡವು ಎಂದು ಮಾಡಬೇಡಿ.

ಮುರಿದ ಕೂಡಲೇ ಫೋಟೊ ತೆಗೆದು, ಎಲ್ಲಿ ಮುರಿಯಿತು ಎಂದು ಬರೆಯಿರಿ. ನಡುವೆ ಪೊರಕೆಯಂತೆ ಬಿಚ್ಚಿಕೊಂಡಿದ್ದರೆ ಒಳ್ಳೆಯದು. ಟ್ಯಾಬಿನ ಅಂಚಿಗೆ ಅಡ್ಡಲಾಗಿ ಕಡಿದಿದ್ದರೆ, ಟ್ಯಾಬ್ ಜಾರಿದ್ದರೆ ಆ ಅಂಕಿ ಲೆಕ್ಕಕ್ಕಿಲ್ಲ. ಗಾತ್ರವಾರು ಇವನ್ನು ಎಣಿಸಿ ನೋಡುವುದು ಮುಖ್ಯ. ಚಿಕ್ಕದರಲ್ಲಿ ಹತ್ತಕ್ಕೆ ಒಂದು, ದೊಡ್ಡದರಲ್ಲಿ ಹತ್ತಕ್ಕೆ ಐದು ಟ್ಯಾಬಿನ ಬಳಿ ಮುರಿದಿದ್ದರೆ, ಉಳಿದ ಐದೂ ಸಂಶಯಾಸ್ಪದವೇ. ಆಗ ಟ್ಯಾಬ್ ತುದಿಯನ್ನು 7 ಡಿಗ್ರಿಗೆ ಇಳಿಜಾರು ಮಾಡಿ ಮತ್ತೆ ನೋಡಿ.

## ಹಂತ 7: ಲೆಕ್ಕ

ಒಂದೇ ಎಂ ಅನ್ನು ಎರಡು ದಾರಿಯಿಂದ ತೆಗೆಯಿರಿ, ಎರಡನ್ನೂ ಎದುರಿಗಿಟ್ಟು ನೋಡಿ.

ಮೊದಲ ದಾರಿ ಚದುರುವಿಕೆಯದು. ಒಂದು ಗಾತ್ರದ ಹತ್ತು ಅಂಕಿಗಳನ್ನು ಏರಿಕೆಯಲ್ಲಿ ಜೋಡಿಸಿ. ಕ್ರಮಸಂಖ್ಯೆಯಿಂದ 0.3 ಕಳೆದು 10.4ರಿಂದ ಭಾಗಿಸಿದರೆ ಮುರಿಯುವ ಸಂಭವ ಸಿಗುತ್ತದೆ. ಒಂದರಿಂದ ಆ ಸಂಭವವನ್ನು ಕಳೆದು, ಅದರ ವಿಲೋಮದ ಲಾಗ್‌ನ ಲಾಗ್ ಅನ್ನು, ಸಾಮರ್ಥ್ಯದ ಲಾಗ್‌ಗೆ ಎದುರಾಗಿ ಎಳೆಯಿರಿ; ಎಲ್ಲವೂ ಸ್ವಾಭಾವಿಕ ಲಾಗ್. ಗೆರೆಯ ಇಳಿಜಾರೇ ಎಂ. ಹತ್ತು ತುಂಡಿನಿಂದ ಸಿಗುವ ಎಂ ಕಾಲು ಭಾಗದಷ್ಟು ಆಚೀಚೆ ಇರಬಹುದು, ಹಾಗಾಗಿ 21.37 ಎಂದು ದಶಮಾಂಶ ಬರೆದು ನಗೆಪಾಟಲಾಗಬೇಡಿ. ನಾಲ್ಕೂ ಗಾತ್ರದ ಎಂ ಸರಾಸರಿ ತೆಗೆಯಿರಿ.

ಎರಡನೆಯದು ಗಾತ್ರದ ದಾರಿ. ಸರಾಸರಿ ಸಾಮರ್ಥ್ಯದ ಲಾಗ್ ಅನ್ನು ಘನಗಾತ್ರದ ಲಾಗ್‌ಗೆ ಎದುರಾಗಿ ಎಳೆದರೆ ಇಳಿಯುವ ಗೆರೆ ಬರುತ್ತದೆ. ಆ ಇಳಿಜಾರಿನ ವಿಲೋಮ ಎಂ. ಇದನ್ನು ಮೆಗಾಪಾಸ್ಕಲ್‌ನಿಂದಲೂ, ಪದರವಾರು ಲೋಡಿನಿಂದಲೂ ಬೇರೆ ಬೇರೆ ಮಾಡಿ.

ಎರಡೂ ದಾರಿಯಿಂದ 20–25 ಬಂದರೆ ದುರ್ಬಲ ಕೊಂಡಿಯ ವಾದ ನಿಲ್ಲುತ್ತದೆ. ಚದುರುವಿಕೆಯಿಂದ 25, ಗಾತ್ರದಿಂದ 8 ಬಂದರೆ ಇಳಿಕೆ ವಿಪರೀತವಾಗಿದೆ. ನಾರಿನ ಪಾಲು, ಗುಳ್ಳೆ, ಟ್ಯಾಬ್ ಈ ಮೂರನ್ನು ಮತ್ತೆ ನೋಡಿ. ಮೆಗಾಪಾಸ್ಕಲ್‌ನಲ್ಲಿ ಇಳಿಕೆ ಇದ್ದು ಪದರವಾರು ಲೋಡಿನಲ್ಲಿ ಮಾಯವಾದರೆ, ನೀವು ಅಳೆದದ್ದು ರೆಸಿನ್.

## ಬಾಗಿಸುವ ಪರೀಕ್ಷೆಯಲ್ಲಿ ಮಾಡುವವರಿಗೆ

ಮೂರು ಬಿಂದುವಿನ ಬಾಗುವಿಕೆ ಸಾಮರ್ಥ್ಯ ಎಳೆತದ್ದಕ್ಕಿಂತ ಹೆಚ್ಚು ಬರುತ್ತದೆ, ಗಾಬರಿ ಬೇಡ. ನಡುವಿನ ರೋಲರ್ ಕೆಳಗಿನ ಚಿಕ್ಕ ಜಾಗವಷ್ಟೇ ಪೂರ್ತಿ ಸ್ಟ್ರೆಸ್ ಕಾಣುವುದು. ಸಮ ಘನಗಾತ್ರಕ್ಕೆ ಎಂ 20 ಆದರೆ ವೇಬುಲ್ ಲೆಕ್ಕದಲ್ಲಿ 1.4 ಪಟ್ಟು.

ದಪ್ಪ ಹೆಚ್ಚಿಸಿ ಸ್ಪ್ಯಾನ್ ಹಾಗೇ ಬಿಡುವುದು ಇಲ್ಲಿನ ದೊಡ್ಡ ತಪ್ಪು. ಪದರಗಳ ನಡುವಿನ ಶಿಯರ್ ಸ್ಟ್ರೆಸ್ ಎಂದರೆ ಬಾಗುವ ಸ್ಟ್ರೆಸ್ಸನ್ನು ದಪ್ಪದಿಂದ ಗುಣಿಸಿ ಸ್ಪ್ಯಾನಿನ ಎರಡರಷ್ಟರಿಂದ ಭಾಗಿಸಿದ್ದು. ಸ್ಪ್ಯಾನ್ ದಪ್ಪದ 32 ಪಟ್ಟಿದ್ದರೆ 800 ಮೆಗಾಪಾಸ್ಕಲ್‌ನಲ್ಲಿ ಶಿಯರ್ 12.5, 8 ಪಟ್ಟಿಗೆ ಇಳಿದರೆ 50. ಕೈಯಲ್ಲಿ ಎರೆದ ಪ್ಲೇಟು ಅಷ್ಟನ್ನು ತಾಳುವುದು ಕಷ್ಟ, ನಾರು ಕಡಿಯುವ ಮೊದಲೇ ಪದರ ಜಾರುತ್ತದೆ. ತುಂಡಿನ ಪಕ್ಕದಿಂದ ನೋಡಿದರೆ ನಡುದಪ್ಪದಲ್ಲಿ ಅಡ್ಡಗೆರೆ ಕಾಣುತ್ತದೆ, ಕೆಳಮುಖದ ನಾರು ಹಾಗೇ ಇರುತ್ತದೆ. 32:1 ಎಲ್ಲ ಗಾತ್ರಕ್ಕೂ ಇಟ್ಟುಕೊಳ್ಳಿ, ರೋಲರ್ ತ್ರಿಜ್ಯವನ್ನೂ ದಪ್ಪದ ಅನುಪಾತದಲ್ಲಿ ಬೆಳೆಸಿ.

## ತೂತಿದ್ದರೆ

ತೂತಿನ ಅಂಚಿನಲ್ಲಿ ಸ್ಟ್ರೆಸ್ ಏರಿ, ದೂರ ಹೋದಂತೆ ಇಳಿಯುತ್ತದೆ. ತೂತು ದೊಡ್ಡದಾದಷ್ಟೂ ಆ ಇಳಿಕೆ ನಿಧಾನ, ಅಂದರೆ ಹೆಚ್ಚು ವಸ್ತು ಹೆಚ್ಚಿನ ಸ್ಟ್ರೆಸ್ಸಿಗೆ ಸಿಗುತ್ತದೆ. ಅಂಚಿನಿಂದ 1 ಮಿ.ಮೀ. ದೂರದಲ್ಲಿ ಸ್ಟ್ರೆಸ್ ಮಿತಿ ಮುಟ್ಟಿದಾಗ ಮುರಿಯುತ್ತದೆ ಎಂದು ಹಿಡಿದರೆ, ಎಲ್ಲ ದಿಕ್ಕಿಗೂ ಸಮ ಬಿಗಿತವಿರುವ (ಸ್ಟಿಫ್ನೆಸ್) ಅಗಲ ಲ್ಯಾಮಿನೇಟಿನಲ್ಲಿ 3 ಮಿ.ಮೀ. ವ್ಯಾಸದ ತೂತು ಮೂಲ ಸಾಮರ್ಥ್ಯದ 73 ಶೇಕಡಾ ಉಳಿಸುತ್ತದೆ, 6 ಮಿ.ಮೀ. ತೂತು 57, 24 ಮಿ.ಮೀ. ತೂತು 40. ಇದು ವೇಬುಲ್‌ಗಿಂತ ಎಷ್ಟೋ ದೊಡ್ಡ ಪರಿಣಾಮ, ಹಾಗಾಗಿ ಐದು ತುಂಡಿನಲ್ಲೂ ಕಾಣುತ್ತದೆ. ಅಗಲ ಯಾವಾಗಲೂ ತೂತಿನ 6 ಪಟ್ಟು ಇರಲಿ. ಕಾರ್ಬೈಡ್ ಡ್ರಿಲ್ ಬಳಸಿ, ತೂತಿನ ಹಿಂಬದಿಗೆ ಮರದ ಹಲಗೆ ಒತ್ತಿ ಹಿಡಿಯಿರಿ. ಹಿಂಬದಿಯ ಪದರ ಕಿತ್ತು ಬಂದ ತುಂಡನ್ನು ಪರೀಕ್ಷೆಗೆ ತೆಗೆದುಕೊಳ್ಳಬೇಡಿ, ಅದರ ಸುತ್ತ ಆಗಲೇ ಪದರ ಕಳಚಿರುತ್ತದೆ.